ಬೆನ್ನಿನ ಅಳತೆ

ಹೊಸೂರಿನ ತಾಲೂಕು ಕಚೇರಿಯ ಹಿಂದಿನ ಬೀದಿಯಲ್ಲಿ ತಿಮ್ಮರಾಯಪ್ಪನ ನಕ್ಷೆ ಅಂಗಡಿಯಿದೆ. ಮನೆ ಕಟ್ಟುವವರ ಪ್ಲಾನು, ಕಾರ್ಖಾನೆಯವರ ಡ್ರಾಯಿಂಗು, ಬಡಾವಣೆ ಮಾಡುವವರ ಸೈಟು ನಕ್ಷೆ, ಯಾವುದೇ ಆಗಲಿ, ದೊಡ್ಡ ಕಾಗದದ ಮೇಲೆ ಅಚ್ಚಾಗಬೇಕಾದರೆ ಅಲ್ಲಿಗೇ ಹೋಗಬೇಕು. ಒಂಟಿ ಮಂಚದಷ್ಟು ಉದ್ದನೆಯ ಮಿಷನ್ನೊಂದು ಅಂಗಡಿಯ ಮುಕ್ಕಾಲು ಪಾಲನ್ನು ಆಕ್ರಮಿಸಿಕೊಂಡಿದೆ. ಅದು ಉರುಳೆಯಿಂದ ಕಾಗದವನ್ನು ಸ್ವಲ್ಪಸ್ವಲ್ಪವೇ ಎಳೆದುಕೊಂಡು, ಗೊರಗೊರ ಸದ್ದು ಮಾಡುತ್ತ ಗೆರೆ ಹಾಕಿ, ನಾಲಿಗೆ ಚಾಚಿದಂತೆ ಹೊರಗೆ ಬಿಡುತ್ತದೆ. ತೊರಪಲ್ಲಿ ಅಗ್ರಹಾರದ ನಮ್ಮ ಮನೆಗೆ ಹಿಂದುಗಡೆ ಒಂದು ಕೋಣೆ ಸೇರಿಸಬೇಕೆಂದು ನಾನು ಪ್ಲಾನಿನ ಪ್ರತಿಗಾಗಿ ಅಲ್ಲಿಗೆ ಹೋಗಿದ್ದೆ. ಅದು ಎರಡು ಸಾವಿರದ ಏಳನೆಯ ಇಸವಿಯ ಕಾರ್ತಿಕ ಮಾಸ. ಬೆಳಗಿನ ಚಳಿ ಇನ್ನೂ ಬಿಟ್ಟಿರಲಿಲ್ಲ.

ಸಾಲಿನಲ್ಲಿ ನನ್ನ ಮುಂದೆ ಒಬ್ಬ ಮೇಸ್ತ್ರಿ, ಅವನ ಮುಂದೆ ಇಬ್ಬರು ಹೆಂಗಸರು. ಒಬ್ಬಳು ಚಿಕ್ಕ ವಯಸ್ಸಿನವಳು, ಬೆರಳುಗಳ ನಡುವೆ ಪೆನ್‌ಡ್ರೈವ್ ತಿರುಗಿಸುತ್ತಿದ್ದಳು. ಇನ್ನೊಬ್ಬರಿಗೆ ಐವತ್ತರ ಹತ್ತಿರ ಹತ್ತಿರ. ಸೆರಗನ್ನು ಕುತ್ತಿಗೆ ಮುಚ್ಚುವಂತೆ ಹೊದ್ದುಕೊಂಡು, ಮಿಷನ್ನನ್ನೇ ಎವೆಯಿಕ್ಕದೆ ನೋಡುತ್ತ ನಿಂತಿದ್ದರು.

ಹೊತ್ತು ಕಳೆಯಲೆಂದು ನಾನು ಕೇಳಿದೆ. "ಎಷ್ಟು ಚದರದ ಮನೆ ತಾಯಿ?"

"ಮನೆಯಲ್ಲ ಸಾಮಿ," ಎಂದರು ಅವರು. "ಇದು ನನ್ನ ಬೆನ್ನು."

ಮೇಸ್ತ್ರಿ ಗಕ್ಕನೆ ಹಿಂತಿರುಗಿ ನೋಡಿದ. ಚಿಕ್ಕವಳು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು.

ತಿಮ್ಮರಾಯಪ್ಪ ಅವಳ ಪೆನ್‌ಡ್ರೈವ್ ಸಿಕ್ಕಿಸಿ ಕಂಪ್ಯೂಟರಿನ ಪರದೆಯನ್ನು ಒಮ್ಮೆ ನೋಡಿ, "ಅಂಚು ಒಸಿ ಆಚೆಗೋಗ್ತಾ ಐತೆ, ನಾನು ಸರಿಮಾಡ್ತೀನಿ ಬಿಡಿ," ಎಂದು ತನ್ನಷ್ಟಕ್ಕೆ ಹೇಳಿಕೊಂಡು ಏನನ್ನೋ ಒತ್ತಿದ. ಕಾಗದ ಹೊರಗೆ ಬರತೊಡಗಿತು. ಗೋಡೆಯಿಲ್ಲ, ಬಾಗಿಲಿಲ್ಲ, ಬರೀ ಬಾಗಿದ ಗೆರೆಗಳು.

"ಇದ್ಯಾವೂರಿನ ಕೆರೆ ಕಣಮ್ಮಾ? ಏರಿ ಎಲ್ಲೈತೆ? ಓ, ಇದೇ ತೂಬು ಅನ್ನು," ಎಂದು ತಿಮ್ಮರಾಯಪ್ಪ ಗೆರೆಯ ಮೇಲೆ ಬೆರಳಿಟ್ಟ.

"ಆ ತೂಬು ನನ್ನ ಕಂಕುಳು ಕಣಪ್ಪಾ. ಕೈ ತೆಗಿ!" ಎಂದರು ಆಕೆ.

ಅಂಗಡಿಗೆ ಅಂಗಡಿಯೇ ನಕ್ಕಿತು. ತಿಮ್ಮರಾಯಪ್ಪ ಮುಖ ಕೆಂಪು ಮಾಡಿಕೊಂಡು, ಕಾಗದ ಸುತ್ತಿ ರಬ್ಬರು ಹಾಕಿ ಕೊಟ್ಟು, "ಅಡುತ್ತು ಯಾರು?" ಎಂದು ತಮಿಳಿನಲ್ಲಿ ಕೂಗಿ ಮೇಸ್ತ್ರಿಯನ್ನು ಕರೆದ. ಆ ಹೆಂಗಸು ಕಾಗದದ ಸುರುಳಿಯನ್ನು ಕೂಸಿನಂತೆ ಎರಡೂ ಕೈಯಲ್ಲಿ ಎದೆಗೆ ಅವಚಿಕೊಂಡು ಮೆಟ್ಟಿಲಿಳಿದದ್ದು ನನಗೆ ಚೆನ್ನಾಗಿ ನೆನಪಿದೆ.

ಅವರೇ ಸೂಳಗಿರಿಯ ದರ್ಜಿ ಮುನಿರತ್ನಮ್ಮ. ಆಮೇಲೆ ನಮ್ಮ ಮನೆಯಾಕೆಯ ರವಿಕೆಗಳು ಅವರ ಕೈಗೆ ಹೋಗತೊಡಗಿದವು. ಹೋದಾಗಲೊಮ್ಮೆ ಒಂದಿಷ್ಟು ಮಾತು. ಹಾಗೆ ಕೇಳಿ ತಿಳಿದ ಕತೆ ಇದು.

ಸೂಳಗಿರಿಯ ಸಂತೆ ಬೀದಿಯಲ್ಲಿ, ಹೆದ್ದಾರಿಯ ಲಾರಿಗಳ ಸದ್ದು ಕೇಳುವಷ್ಟು ದೂರದಲ್ಲಿ, ಮುನಿರತ್ನಮ್ಮನವರ ಮನೆ. ಮುಂದಿನ ಕೋಣೆಯೇ ಅಂಗಡಿ. ಅದರಲ್ಲಿ ಎರಡು ಹೊಲಿಗೆ ಮಿಷನ್ನುಗಳು ಎದುರುಬದುರಾಗಿ ಇವೆ. ಒಂದು ಅವರದು. ಇನ್ನೊಂದು ಅಕ್ಕ ಗೋವಿಂದಮ್ಮನದು.

ಮುನಿರತ್ನಮ್ಮನಿಗೆ ಹದಿನಾರು ವರ್ಷವಾಗಿದ್ದಾಗ ಕುತ್ತಿಗೆಯ ಹಿಂದೆ ಕಾಸಗಲದ ಒಂದು ಬಿಳಿ ಮಚ್ಚೆ ಕಾಣಿಸಿತು. ನೋಡನೋಡುತ್ತ ಅದು ಬೆನ್ನಿಗೆಲ್ಲ ಇಳಿಯಿತು. ತೊನ್ನು. ಅದು ಅಂಟುವ ರೋಗವಲ್ಲ, ನೋವಿಲ್ಲ, ನವೆಯಿಲ್ಲ. ಆದರೆ ಜನರಿಗೆ ಅದನ್ನು ಯಾರು ಹೇಳಬೇಕು? ಹೆಣ್ಣು ನೋಡಲು ಬಂದವರು ಉಪ್ಪಿಟ್ಟು ತಿಂದು, ಕಾಫಿ ಕುಡಿದು, ಹುಡುಗಿ ಬಗ್ಗಿ ನಮಸ್ಕಾರ ಮಾಡುವಾಗ ಕುತ್ತಿಗೆ ನೋಡಿ, ಕೈ ತೊಳೆದುಕೊಂಡು ಎದ್ದುಹೋದರು. ಮುಂದೆ ಯಾರೂ ಬರಲಿಲ್ಲ. ಅಕ್ಕ ಗೋವಿಂದಮ್ಮನ ಮದುವೆಯೇನೋ ಆಗಿತ್ತು; ಗಂಡ ತೀರಿಕೊಂಡ ಮೇಲೆ ಆಕೆಯೂ ತವರಿಗೇ ಬಂದಳು. ಅಕ್ಕತಂಗಿಯರು ಕೃಷ್ಣಗಿರಿಗೆ ಹೋಗಿ ಎರಡು ಮಿಷನ್ನು ತಂದರು, ಕುಳಿತರು, ಹೊಲಿದರು. ಊರಿನ ಹೆಂಗಸರ ಬೆನ್ನುಗಳೆಲ್ಲ ಅವರಿಗೆ ಬಾಯಿಪಾಠವಾದವು.

ಆ ಮನೆಯಲ್ಲಿ ಒಂದು ಪದ್ಧತಿಯಿತ್ತು. ಸಂಕ್ರಾಂತಿಗೆ ಮುಂಚೆ ಒಂದು ಮಧ್ಯಾಹ್ನ, ಅಂಗಡಿಯ ಬಾಗಿಲು ಓರೆಮಾಡಿ, ಅಕ್ಕ ತಂಗಿಯ ಅಳತೆ ತೆಗೆಯುವಳು, ತಂಗಿ ಅಕ್ಕನ ಅಳತೆ ತೆಗೆಯುವಳು. ದರ್ಜಿಯವಳು ತನ್ನ ಎದೆಯ ಅಳತೆ ತಾನೇ ತೆಗೆದುಕೊಳ್ಳಬಹುದು, ತೋಳಿನದೂ ತೆಗೆದುಕೊಳ್ಳಬಹುದು. ಬೆನ್ನಿನದು ಮಾತ್ರ ಆಗದು. ಈ ಹೆಗಲ ಮೂಳೆಯಿಂದ ಆ ಹೆಗಲ ಮೂಳೆಯವರೆಗೆ ಟೇಪು ಹಿಡಿಯಲು ಇನ್ನೊಬ್ಬರ ಕೈ ಬೇಕೇ ಬೇಕು. ಗೋವಿಂದಮ್ಮ ಟೇಪಿನ ತುದಿಯನ್ನು ಬಿಳಿ ಮಚ್ಚೆಯ ಮೇಲೆಯೇ ಬೆರಳಿನಿಂದ ಒತ್ತಿ ಹಿಡಿದು, "ಉಸ್ರು ಬಿಡೇ. ಬೆನ್ನು ಬಿಗಿ ಹಿಡ್ಕೊಂಡ್ರೆ ಅಳತೆ ಸುಳ್ಳೇಳ್ತದೆ," ಎಂದು ಗದರುವಳು. ವರ್ಷಕ್ಕೊಮ್ಮೆ ಆ ಬೆರಳು. ಅದನ್ನು ಬಿಟ್ಟರೆ ಮುನಿರತ್ನಮ್ಮನ ಬೆನ್ನನ್ನು ಯಾರೂ ಮುಟ್ಟಿದ್ದಿಲ್ಲ.

ಗೋವಿಂದಮ್ಮ ಒಂದು ಬೇಸಗೆಯಲ್ಲಿ ಜ್ವರ ಬಂದು ತೀರಿಕೊಂಡಳು. ಅವಳ ಮಿಷನ್ನಿಗೆ ಮುನಿರತ್ನಮ್ಮ ಹಳೆಯ ಸೀರೆಯ ಹೊದಿಕೆ ಹೊಲಿದು ಹಾಕಿದರು. ಮುಂದಿನ ಸಂಕ್ರಾಂತಿ ಬಂತು. ಬಾಗಿಲು ಓರೆಮಾಡುವ ಕೆಲಸವಿರಲಿಲ್ಲ.

ನಮ್ಮ ಕಡೆ ಹೆಂಗಸರು ದರ್ಜಿಗೆ ಮೈ ಅಳತೆ ಕೊಡುವುದು ಕಡಿಮೆ. ಸರಿಯಾಗಿ ಕೂರುವ ಒಂದು ಹಳೆಯ ರವಿಕೆ ತಂದು, "ಇದೇ ಅಳತೆಗೆ," ಎಂದು ಮೇಜಿನ ಮೇಲಿಟ್ಟು ಹೋಗುತ್ತಾರೆ. ಮುನಿರತ್ನಮ್ಮನವರೂ ಹಾಗೇ ಮಾಡಿದರು. ಅಕ್ಕ ಕೊನೆಯ ಸಲ ಅಳೆದು ಹೊಲಿದ ರವಿಕೆಯೇ ಅಳತೆ ರವಿಕೆಯಾಯಿತು. ಆದರೆ ಮೈ ನಿಂತಲ್ಲಿ ನಿಲ್ಲುತ್ತದೆಯೇ? ಹೆಗಲು ಬಾಗಿತು, ಬೆನ್ನು ಅಗಲವಾಯಿತು. ಒಳಗೆ ಮಡಿಸಿ ಬಿಟ್ಟ ಬಟ್ಟೆಯನ್ನು ಬಿಚ್ಚಿ ಬಿಚ್ಚಿ, ಇನ್ನು ಬಿಚ್ಚಲು ಏನೂ ಉಳಿಯಲಿಲ್ಲ. ಆಮೇಲೆ ಅಂದಾಜಿನಲ್ಲಿ ಹೊಲಿದುಕೊಂಡರು. ಅದು ಒಂದು ಕಡೆ ಜೋಲು, ಒಂದು ಕಡೆ ಬಿಗಿ.

ಎದುರುಮನೆಯ ಮುನಿಗಂಗಮ್ಮನ ಬಾಯಿ ದೊಡ್ಡದು. "ಊರಿಗೆಲ್ಲ ಹೊಲಿಯೋಳು ನೀನು. ನಿನ್ ರವ್ಕೆ ನೋಡ್ಕೊ, ಬೆದರ್ಬೊಂಬೆಗೆ ತೊಡಿಸ್ದಂಗೈತೆ!"

"ಕಾಗೆ ಬರ್ದೆ ಇರ್ಲಿ ಅಂತ ಕಣಕ್ಕಾ. ಆದ್ರೂ ನೀನು ಬತ್ತಾನೇ ಇದೀಯ," ಎನ್ನುತ್ತಿದ್ದರು ಮುನಿರತ್ನಮ್ಮ.

ಮುನಿಗಂಗಮ್ಮನನ್ನೇ ಕೇಳಬಹುದಿತ್ತು, ಒಂದು ನಿಮಿಷ ಟೇಪು ಹಿಡಿ ಎಂದು. ಹಿಡಿಯುತ್ತಿದ್ದಳೋ ಏನೋ. ಆದರೆ ಹೊಲಿದ ಬಟ್ಟೆ ಕೈಗೆ ಕೊಡುವಾಗ ಬೆರಳಿಗೆ ಬೆರಳು ತಾಗದಂತೆ ತೆಗೆದುಕೊಳ್ಳುವ ಜಾಣತನವನ್ನು ಮುನಿರತ್ನಮ್ಮ ಎಷ್ಟೋ ಮಂದಿಯಲ್ಲಿ ನೋಡಿದ್ದರು. ಕೇಳಿದ ಮೇಲೆ ಎದುರಿನವರ ಮುಖ ಒಂದು ಗಳಿಗೆ ಹೇಗಾಗುತ್ತದೆಯೋ, ಅದನ್ನು ನೋಡುವುದಕ್ಕಿಂತ ಜೋಲು ರವಿಕೆಯೇ ವಾಸಿ ಎಂದು ಸುಮ್ಮನಿದ್ದರು.

ಇಂಥ ಹೊತ್ತಿನಲ್ಲಿ ಶ್ರೀವಿದ್ಯಾ ಬಂದಳು. ತಿಪಟೂರಿನ ಹುಡುಗಿ. ಗಂಡನಿಗೆ ಸೂಳಗಿರಿಯ ಹೊಸ ಕಾರ್ಖಾನೆಯೊಂದರಲ್ಲಿ ಕೆಲಸ. ಅವನು ಹಗಲು ಪಾಳಿಯಾದರೆ ಹಗಲೆಲ್ಲ ಇಲ್ಲ, ರಾತ್ರಿ ಪಾಳಿಯಾದರೆ ಹಗಲೆಲ್ಲ ನಿದ್ದೆ. ತಮಿಳು ಬಾರದು, ತೆಲುಗು ಬಾರದು. ತರಕಾರಿಯವನ ಹತ್ತಿರ ಬೆರಳು ತೋರಿಸಿ ತೋರಿಸಿ ಅವಳಿಗೆ ಸಾಕಾಗಿತ್ತು. ಒಂದು ದಿನ ಸೀರೆಗೆ ಫಾಲ್ ಹಾಕಿಸಲು ಬಂದವಳು, ಮುನಿರತ್ನಮ್ಮ ಯಾರೊಂದಿಗೋ ಆಡುತ್ತಿದ್ದ ಮಾತು ಕಿವಿಗೆ ಬಿದ್ದು, ಬಾಗಿಲಲ್ಲೇ ನಿಂತುಬಿಟ್ಟಳು.

"ಅಯ್ಯೋ, ನೀವು ಕನ್ನಡ ಮಾತಾಡ್ತೀರಾ!"

"ಇದೇನಮ್ಮಾ ಇಂಗೆ ಕೇಳ್ತೀಯ? ನಾವು ಇಲ್ಲೇ ಹುಟ್ಟಿ ಬೆಳ್ದೋರು. ಕನ್ನಡವೇನು ನಿಮ್ಮೂರಿಂದ ಬಸ್ಸು ಹತ್ಕೊಂಡು ಬಂತಾ?"

ಅಂದಿನಿಂದ ಅವಳಿಗೆ ಮಧ್ಯಾಹ್ನದ ಹೊತ್ತು ಕಳೆಯಲು ಒಂದು ಜಾಗ ಸಿಕ್ಕಿತು. ಮದುವೆಗೆ ಮುಂಚೆ ಅವಳು ಬೆಂಗಳೂರಿನ ಒಂದು ಗಾರ್ಮೆಂಟ್ಸ್ ಫ್ಯಾಕ್ಟರಿಯಲ್ಲಿ ಕಂಪ್ಯೂಟರಿನ ಮೇಲೆ ಬಟ್ಟೆಯ ನಕ್ಷೆ ಬರೆಯುತ್ತಿದ್ದಳಂತೆ. ಅಳತೆ ಕೊಟ್ಟರೆ ಸಾಕು, ಬೆನ್ನಿನ ತುಂಡು, ಎದೆಯ ತುಂಡು, ತೋಳು ಎಲ್ಲ ಪರದೆಯ ಮೇಲೆ ಮೂಡುತ್ತವೆ.

"ಅಂಗಾದ್ರೆ ನೀನು ದೊಡ್ಡ ದರ್ಜಿ ಅನ್ನು."

"ಇಲ್ಲಕ್ಕ, ನಂಗೆ ಸೂಜಿಗೆ ದಾರ ಹಾಕೋಕೂ ಸರಿಯಾಗಿ ಬರಲ್ಲ."

"ಸರೋಯ್ತು. ಅಡುಗೆ ಮಾಡೋದು ಗೊತ್ತು, ಒಲೆ ಹಚ್ಚಕ್ಕೆ ಬರಾಕಿಲ್ಲ ಅಂದಂಗಾಯ್ತು!"

ಶ್ರೀವಿದ್ಯಾ ನಕ್ಕಳು. ಅವಳು ನಕ್ಕಾಗ ಆ ಕೋಣೆಯಲ್ಲಿ ಬಹಳ ಕಾಲದಿಂದ ಕೇಳದ ಒಂದು ಸದ್ದು ಕೇಳಿದಂತಾಯಿತು. ಎಷ್ಟೋ ದಿನ ಅವಳನ್ನು ಬಾಗಿಲ ಬಳಿಯ ಬೆಂಚಿನ ಮೇಲೆ ಕೂರಿಸುತ್ತಿದ್ದ ಮುನಿರತ್ನಮ್ಮ ಒಂದು ದಿನ, "ಅಲ್ಲಿ ಬಿಸ್ಲು ಬತ್ತದೆ, ಈಚೆಗೆ ಬಾ," ಎಂದು ಗೋವಿಂದಮ್ಮನ ಸ್ಟೂಲನ್ನು ಎಳೆದುಕೊಟ್ಟರು.

ಎದುರಿಗೆ ಕುಳಿತ ಮೇಲೆ ಕಾಣದಿರುತ್ತದೆಯೇ? "ಅಕ್ಕ, ನಿಮ್ಮ ರವಿಕೆ ಯಾರು ಹೊಲಿದದ್ದು?"

"ಇನ್ಯಾರು, ನಾನೇ."

"ಅಳತೆ ತೆಗೆದದ್ದು?"

ಮುನಿರತ್ನಮ್ಮನವರ ಮಿಷನ್ನಿನ ತುಳಿತ ಜೋರಾಯಿತು.

"ನಾನು ತೆಗೀತೀನಿ," ಎಂದಳು ಶ್ರೀವಿದ್ಯಾ. "ಕಂಪ್ಯೂಟರಲ್ಲಿ ನಿಮ್ಮದೇ ನಕ್ಷೆ ಮಾಡ್ತೀನಿ. ಒಂದು ಸಲ ಕಾಗದದ ಮೇಲೆ ಬಂದ್ರೆ ಸಾಕು, ಆಮೇಲೆ ಅದನ್ನಿಟ್ಟು ಎಷ್ಟು ಬೇಕಾದ್ರೂ ಕತ್ತರಿಸಿಕೊಳ್ಳಿ. ಯಾರನ್ನೂ ಕೇಳಬೇಕಾಗಿಲ್ಲ."

ಆ ಕೊನೆಯ ಮಾತು ಮುನಿರತ್ನಮ್ಮನವರನ್ನು ಹಿಡಿಯಿತು. ಎರಡು ದಿನ ಹಾಗೆ ಹೀಗೆ ಅಂದು, ಮೂರನೆಯ ದಿನ ತಾವೇ ಎದ್ದು ಬಾಗಿಲು ಓರೆಮಾಡಿದರು. ಗೋಡೆಯ ಕಡೆ ತಿರುಗಿ, ಸೆರಗು ಇಳಿಸಿ, ಬಿಗಿಯಾಗಿ ನಿಂತರು.

ಬೆನ್ನ ಹಿಂದೆ ಒಂದು ಗಳಿಗೆ ಏನೂ ಸದ್ದಿಲ್ಲ. ನೋಡಿದಳು ಎಂದುಕೊಂಡರು ಮುನಿರತ್ನಮ್ಮ. ಆಮೇಲೆ ಟೇಪಿನ ಸರಪರ ಕೇಳಿಸಿತು. ಆದರೆ ಟೇಪು ಮೈಗೆ ತಾಗಿದಂತೆ ಅನ್ನಿಸಲಿಲ್ಲ. ಕೂದಲೆಳೆಯಷ್ಟು ದೂರದಲ್ಲಿ ಗಾಳಿಯಲ್ಲಿ ಹಿಡಿದಂತಿತ್ತು. ಕುತ್ತಿಗೆಯ ಹಿಂದೆ ಬೆರಳು ಒತ್ತುತ್ತದೆಂದು ಕಾದರು. ಒತ್ತಲಿಲ್ಲ.

"ಬೆನ್ನು ಹದಿನಾಲ್ಕೂವರೆ," ಎಂದಳು ಶ್ರೀವಿದ್ಯಾ. "ಎದೆ ಮೂವತ್ತೆಂಟು. ಆಯ್ತಕ್ಕ."

ಬೇಗ ಮುಗಿಯಿತು. ಮುನಿರತ್ನಮ್ಮ ಸೆರಗು ಹೊದ್ದುಕೊಂಡರು. ಮನಸ್ಸಿನ ಮೂಲೆಯಲ್ಲಿ ಒಂದು ಮುಳ್ಳು ಮುರಿದುಕೊಂಡಿತು.

ನಕ್ಷೆ ಕಂಪ್ಯೂಟರಿನಲ್ಲಿ ಸಿದ್ಧವಾಯಿತು. ಕಾಗದಕ್ಕೆ ಇಳಿಸುವುದು ಹೇಗೆ? ಸೂಳಗಿರಿಯ ಬ್ರೌಸಿಂಗ್ ಸೆಂಟರಿನಲ್ಲಿದ್ದುದು ಸಣ್ಣ ಕಾಗದದ ಪ್ರಿಂಟರು. ತುಂಡು ತುಂಡಾಗಿ ತೆಗೆದು ಅಂಟಿಸಿಕೊಳ್ಳಬೇಕು ಎಂದರು ಅಲ್ಲಿಯವರು.

"ಅಂದ್ರೆ ನನ್ ಬೆನ್ನ ಹೆಂಚು ಜೋಡಿಸ್ದಂಗೆ ಜೋಡಿಸ್ಬೇಕಾ? ಮಳೆ ಬಂದ್ರೆ ಸೋರ್ತದೆ ಬಿಡು," ಎಂದರು ಮುನಿರತ್ನಮ್ಮ.

ಆಗ ಶ್ರೀವಿದ್ಯಾಳ ಗಂಡನೇ ಹೊಸೂರಿನ ನಕ್ಷೆ ಅಂಗಡಿಯ ಗುರುತು ಹೇಳಿದ. ಇಬ್ಬರೂ ಬಸ್ಸು ಹತ್ತಿ ಹೋದರು. ಅದೇ ನಾನು ಅವರನ್ನು ಕಂಡ ದಿನ. ಬರುವಾಗ ಮುನಿರತ್ನಮ್ಮ ಬಸ್ಸಿನಲ್ಲಿ ಸುರುಳಿಯನ್ನು ಮಡಿಲಲ್ಲೇ ಇಟ್ಟುಕೊಂಡು, ಕಿಟಕಿಯಾಚೆಯ ಹೂವಿನ ತೋಟಗಳನ್ನು ನೋಡುತ್ತ ಕುಳಿತಿದ್ದರಂತೆ. ಮುಳ್ಳು ಮರೆತೇಹೋಗಿತ್ತು.

ಮಾರನೆಯ ದಿನ ಕಾಗದವನ್ನು ಮೇಜಿನ ಮೇಲೆ ಹಾಸಿದರು. ಅದರ ಒಂದು ಮೂಲೆಯಲ್ಲಿ ಪುಟ್ಟದೊಂದು ಚೌಕ ಇತ್ತು. ಯಾಕೋ ಏನೋ ಎಂದುಕೊಂಡರು. ಬೇರೆ ಯಾರದಾದರೂ ರವಿಕೆಯಾಗಿದ್ದರೆ ಕತ್ತರಿ ಹಾಕುವ ಮುಂಚೆ ನಾಲ್ಕು ಸಲ ಟೇಪು ಹಿಡಿಯುವ ಕೈ ಅದು. ಆದರೆ ಇದು ಮಿಷನ್ನು ಬರೆದದ್ದು. ಮಿಷನ್ನಿನ ಮೇಲೆ ಟೇಪು ಹಿಡಿಯುವುದುಂಟೇ? ಅಕ್ಕನ ಪೆಟ್ಟಿಗೆಯಲ್ಲಿದ್ದ ಮಾವಿನೆಲೆ ಬಣ್ಣದ ಬಟ್ಟೆ ತೆಗೆದು, ಕಾಗದವನ್ನಿಟ್ಟು, ಗೆರೆಗೆ ಸರಿಯಾಗಿ ಕತ್ತರಿಸಿ ಹೊಲಿದರು.

ತೊಟ್ಟು ನೋಡಿದರೆ ಉಸಿರು ಕಟ್ಟಿತು. ಎದೆಯ ಕೊಕ್ಕೆಗಳು ಕೂಡುವುದಿಲ್ಲ. ಬೆನ್ನಂತೂ ಹಗ್ಗ ಬಿಗಿದಂತೆ.

ಅದೇ ರವಿಕೆ ಮುನಿಗಂಗಮ್ಮನದಾಗಿದ್ದರೆ ಮುನಿರತ್ನಮ್ಮ ಅಲ್ಲೇ ಟೇಪು ತೆಗೆದು, ತಪ್ಪೆಲ್ಲಿ ಎಂದು ಹುಡುಕುತ್ತಿದ್ದರು. ತಮ್ಮ ವಿಷಯದಲ್ಲಿ ಹುಡುಕಲಿಲ್ಲ. ನೋವು ಮೊದಲೇ ಬಂದು ಕುಳಿತಿತ್ತು, ಅದಕ್ಕೊಂದು ಸಾಕ್ಷಿ ಮಾತ್ರ ಬೇಕಾಗಿತ್ತು. ಶ್ರೀವಿದ್ಯಾ ಟೇಪನ್ನು ಮೈಗೆ ತಾಗಿಸಲಿಲ್ಲ. ಅಸಹ್ಯಪಟ್ಟಳು. ಹೇಗೋ ಒಂದು ಅಳತೆ ಹೇಳಿ ಕೈ ತೊಳೆದುಕೊಂಡಳು. ಉಪ್ಪಿಟ್ಟು ತಿಂದು ಹೋದವರಿಗೂ ಇವಳಿಗೂ ಏನು ಭೇದ?

ರವಿಕೆಯನ್ನು ಮಡಿಸಿ ಕಪಾಟಿನ ತಳಕ್ಕೆ ಹಾಕಿದರು. ಕಾಗದವನ್ನು ಸುತ್ತಿ ಮೂಲೆಗೆ ನಿಲ್ಲಿಸಿದರು.

"ರವಿಕೆ ಹೇಗಾಯ್ತಕ್ಕ?" ಎಂದು ಶ್ರೀವಿದ್ಯಾ ಕೇಳಿದಾಗ, "ಇನ್ನೂ ಹೊಲ್ದಿಲ್ಲ. ಕೆಲ್ಸ ಜಾಸ್ತಿ," ಎಂದರು. ಸ್ಟೂಲಿನ ಮೇಲೆ ಬಟ್ಟೆಯ ಗಂಟು ಇಟ್ಟಿದ್ದರು. ಅವಳು ಬೆಂಚಿನ ಮೇಲೆ ಕುಳಿತಳು. ಇನ್ನೊಂದು ದಿನ ಬಂದಾಗ ಬೆಂಚಿನ ಮೇಲೂ ಗಂಟು. ಹುಡುಗಿ ಏನೂ ತಿಳಿಯದೆ ಸ್ವಲ್ಪ ಹೊತ್ತು ಬಾಗಿಲಲ್ಲಿ ನಿಂತು, "ಬರ್ತೀನಕ್ಕ," ಎಂದು ಹೋದಳು. ಆಮೇಲೆ ಬರಲಿಲ್ಲ. ಮಧ್ಯಾಹ್ನಗಳು ಮತ್ತೆ ಉದ್ದವಾದವು. ಹೆದ್ದಾರಿಯಲ್ಲಿ ಲಾರಿಗಳು ಹೋಗುತ್ತಿದ್ದವು, ಬರುತ್ತಿದ್ದವು.

ಸಂಕ್ರಾಂತಿ ಕಳೆದ ಮೇಲೆ ಒಂದು ಭಾನುವಾರ ಹಾಸ್ಟೆಲಿನ ಹುಡುಗಿಯೊಬ್ಬಳು ಬಂದಳು. ಚಂದ್ರಲೇಖಾ ಅಂತ ಹೆಸರು, ಜವಳಗಿರಿಯವಳು. ಕಾರ್ಖಾನೆಯ ಕೆಲಸಕ್ಕೆಂದು ಬಂದು ಇತರ ಹುಡುಗಿಯರೊಂದಿಗೆ ಹಾಸ್ಟೆಲಿನಲ್ಲಿದ್ದಳು. ಗೆಳತಿಯ ಮದುವೆಗೆ ಸೀರೆ ಉಡಬೇಕು, ರವಿಕೆ ಬೇಕು.

"ಅಳತೆ ರವ್ಕೆ ತಂದಿದೀಯಾ?"

"ಇಲ್ಲಕ್ಕೋ. ಊರಾಗೈತೆ. ಹೋಗಿ ತರನಾ ಅಂದ್ರೆ ಊರ ತಾವ ಆನೆ ಬಂದೈತಂತೆ. ಅಪ್ಪ ಬರಬ್ಯಾಡ ಅಂದ."

"ಆನೇಗೂ ನಿನ್ ರವ್ಕೆ ಬೇಕಾಗಿತ್ತಾ?" ಎಂದು ಮುನಿರತ್ನಮ್ಮ ನಕ್ಕರು. ಹುಡುಗಿಯನ್ನು ಮೇಲೆ ಕೆಳಗೆ ನೋಡಿದರು. ಕಪಾಟಿನ ತಳದಿಂದ ಆ ಹಸಿರು ರವಿಕೆಯನ್ನು ತೆಗೆದು, "ಇದನ್ನ ಹಾಕ್ಕಂಡು ನೋಡು," ಎಂದು ಒಳಗೆ ಕಳಿಸಿದರು.

ಹುಡುಗಿ ಕುಣಿಯುತ್ತ ಹೊರಬಂದಳು. "ಅಕ್ಕೋ, ನಂಗೇ ಹೊಲ್ದಂಗೈತೆ! ಇದನ್ನ ನಾನೇ ಇಟ್ಕಂತೀನಿ. ಇಂಥದೇ ಇನ್ನೊಂದು ಹೊಲ್ಕೊಡಿ, ಕೆಂಪುಂದು."

ಇನ್ನೊಂದು ಹೊಲಿಯಬೇಕಾದರೆ ಅಳತೆ ಬೇಕಲ್ಲ. ಮುನಿರತ್ನಮ್ಮ ಅಭ್ಯಾಸಬಲದಿಂದ ಕುತ್ತಿಗೆಯ ಟೇಪು ತೆಗೆದು, ಹುಡುಗಿಯ ಮೈಮೇಲಿದ್ದ ರವಿಕೆಯ ಬೆನ್ನಿಗೆ ಹಿಡಿದರು. ಹದಿಮೂರೂ ಮುಕ್ಕಾಲು.

ಮತ್ತೆ ಹಿಡಿದರು. ಹದಿಮೂರೂ ಮುಕ್ಕಾಲೇ.

"ಬೆನ್ನು ಹದಿನಾಲ್ಕೂವರೆ" ಎಂದು ಶ್ರೀವಿದ್ಯಾ ಹೇಳಿದ ಮಾತು ಕಿವಿಯಲ್ಲಿ ಹಾಗೇ ಇತ್ತು. ದರ್ಜಿಯವರಿಗೆ ಮುಖ ಮರೆತರೂ ಅಳತೆ ಮರೆಯುವುದಿಲ್ಲ. ಮೂಲೆಯ ಸುರುಳಿಯನ್ನು ತಂದು ಮೇಜಿನ ಮೇಲೆ ಬಿಡಿಸಿ, ಗೆರೆಯಿಂದ ಗೆರೆಗೆ ಟೇಪು ಇಟ್ಟರು. ಕಾಗದದಲ್ಲೂ ಅಷ್ಟೇ ಕಡಿಮೆ. ಎದೆಯದು ಮೂವತ್ತೆಂಟಕ್ಕೆ ಮೂವತ್ತಾರು. ಎಲ್ಲವೂ ಒಂದೇ ಪ್ರಮಾಣದಲ್ಲಿ ಕುಗ್ಗಿತ್ತು. ಶ್ರೀವಿದ್ಯಾ ಹೇಳಿದ ಅಳತೆ ಕಾಗದಕ್ಕೆ ಬಂದಿರಲೇ ಇಲ್ಲ. ಅವಳ ಕೈ ಸುಳ್ಳು ಹೇಳಿರಲಿಲ್ಲ. ಸುಳ್ಳು ಹೇಳಿದ್ದು ಮಿಷನ್ನು.

"ಏನಾಯ್ತಕ್ಕೋ?" ಎಂದಳು ಚಂದ್ರಲೇಖಾ.

"ಏನಿಲ್ಲ ಕಣಮ್ಮಿ. ನೀನು ಹೊರಡು. ಬರೋ ಭಾನುವಾರ ಬಾ."

ಅಂಗಡಿಗೆ ಬೀಗ ಹಾಕಿ, ಕಾಗದ ಬಗಲಲ್ಲಿಟ್ಟುಕೊಂಡು, ಮುನಿರತ್ನಮ್ಮ ಶ್ರೀವಿದ್ಯಾಳ ಬಾಡಿಗೆ ಮನೆಗೆ ಹೋದರು. ಅಲ್ಲಿಯವರೆಗೆ ಒಂದು ಸಲವೂ ಹೋದವರಲ್ಲ. ಬಾಗಿಲು ತೆರೆದಿತ್ತು. ನಡುಮನೆಯಲ್ಲಿ ರಟ್ಟಿನ ಪೆಟ್ಟಿಗೆಗಳು. ಶ್ರೀವಿದ್ಯಾ ನೆಲದ ಮೇಲೆ ಕುಳಿತು ಪಾತ್ರೆಗಳನ್ನು ಪೇಪರಿನಲ್ಲಿ ಸುತ್ತುತ್ತಿದ್ದಳು.

"ಬನ್ನಿ ಅಕ್ಕ," ಎಂದಳು, ಎದ್ದು ನಿಂತು. ದನಿಯಲ್ಲಿ ಸಂತೋಷವೂ ಇತ್ತು, ಭಯವೂ ಇತ್ತು. "ಇವರಿಗೆ ಧಾರವಾಡದ ಕಡೆ ಕೆಲಸ ಸಿಕ್ತು. ಮುಂದಿನ ವಾರ ಹೊರಡ್ತೀವಿ. ನಿಮಗೆ ಹೇಳೋಕೆ ಬರಬೇಕು ಅಂತಿದ್ದೆ. ನೀವು ನನ್ನ ಮೇಲೆ ಏನೋ ಬೇಜಾರಾಗಿದೀರಿ ಅಂತ..."

ಮುನಿರತ್ನಮ್ಮ ಬಾಗಿಲ ಚೌಕಟ್ಟಿಗೆ ಒರಗಿದರು. ಬರುವಾಗ ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತೆಲ್ಲ ಚದುರಿಹೋಯಿತು.

"ನೀನು ಅವತ್ತು ನನ್ನ ಬೆನ್ನು ಯಾಕೆ ಮುಟ್ಟಲಿಲ್ಲ?"

ಅಷ್ಟೇ ಕೇಳಿದರು. ಶ್ರೀವಿದ್ಯಾ ಕಣ್ಣರಳಿಸಿ ನೋಡಿದಳು.

"ಅಯ್ಯೋ ಅಕ್ಕ! ಅವತ್ತು ಬಟ್ಟೆ ಒಗೆದು ಹಾಗೇ ಓಡಿ ಬಂದಿದ್ದೆ. ಕೈ ಮಂಜುಗಡ್ಡೆ ಆಗಿತ್ತು. ತಾಗಿದ್ರೆ ನೀವು ಬೆಚ್ಚಿಬೀಳ್ತೀರಿ ಅಂತ... ಅದೂ ನೀವು ಅಷ್ಟು ಬಿಗಿಯಾಗಿ ನಿಂತಿದ್ರಿ."

ಮುನಿರತ್ನಮ್ಮ ಅವಳ ಕೈ ಹಿಡಿದು ನೋಡಿದರು. ಆಗಲೂ ತಣ್ಣಗೇ ಇತ್ತು. ಕೆಲವರ ಕೈಯೇ ಹಾಗೆ.

"ಬೆಚ್ಚಿದ್ರೆ ಬೆಚ್ತಿದ್ದೆ ಕಣೇ," ಎಂದರು. "ಅದ್ರಿಂದ ಏನು ಮುಳುಗೋಗ್ತಿತ್ತು?"

ಆಮೇಲೆ ಇಬ್ಬರೂ ಪೆಟ್ಟಿಗೆಗಳ ನಡುವೆಯೇ ಕಾಗದ ಹಾಸಿ ಕುಳಿತರು. ಶ್ರೀವಿದ್ಯಾ ಮೂಲೆಯ ಪುಟ್ಟ ಚೌಕದ ಮೇಲೆ ಟೇಪಿಟ್ಟು ಹಣೆ ಚಚ್ಚಿಕೊಂಡಳು. ಅದು ಸರಿಯಾಗಿ ಒಂದು ಇಂಚು ಇರಬೇಕಾದ ಚೌಕ. ಕಾಗದ ನಿಜ ಅಳತೆಯಲ್ಲಿ ಬಂದಿದೆಯೋ ಇಲ್ಲವೋ ನೋಡಲೆಂದೇ ಬರೆದದ್ದು. ಇಲ್ಲಿ ಒಂದು ಇಂಚಿಗೆ ಕಡಿಮೆಯಿತ್ತು. ಅಂಗಡಿಯಲ್ಲಿ ನೋಡಬೇಕೆಂದಿದ್ದವಳು ಆ ನಗುವಿನಲ್ಲಿ ಮರೆತಿದ್ದಳು. ಮಾರನೆಯ ದಿನವೇ ಮತ್ತೆ ಹೊಸೂರಿನ ಬಸ್ಸು ಹತ್ತಿದರು.

"ಯಾಕಪ್ಪಾ ನನ್ನ ಬೆನ್ನ ಕುಗ್ಗಿಸ್ದೆ?" ಎಂದು ಮುನಿರತ್ನಮ್ಮ ತಿಮ್ಮರಾಯಪ್ಪನನ್ನು ತರಾಟೆಗೆ ತೆಗೆದುಕೊಂಡರು.

ಅವನು ತಲೆ ಕೆರೆದುಕೊಂಡ. "ನಿಮ್ ಡ್ರಾಯಿಂಗು ನಮ್ ಉರುಳೆಗಿಂತ ಒಸಿ ಅಗಲ ಇತ್ತು ತಾಯಿ. ಅದಕ್ಕೇ ಹಾಳೆಗೆ ಹ್ವಂದಿಸ್ಬುಟ್ಟೆ. ಇಲ್ಲಿ ಗೋಡೆ ಕತ್ತರಿಸಿ ಹೋದ್ರೆ ಇಂಜಿನಿಯರು ಜೀವ ತಿಂತಾರೆ. ಚಿಕ್ಕದಾದ್ರೆ ಯಾರೂ ಕೇಳಾಕಿಲ್ಲ, ಅಳತೆ ಪಕ್ಕದಾಗೇ ಬರ್ದಿರ್ತದಲ್ಲ. ಈ ಅಂಗಡಿಗೆ ಮನೆ ಬತ್ತದೆ, ಕೆರೆ ಬತ್ತದೆ, ಫ್ಯಾಕ್ಟ್ರಿ ಬತ್ತದೆ, ಎಲ್ಲಾ ಕುಗ್ಗೇ ಬರೋದು. ಇದ್ದಷ್ಟೇ ಬೇಕು ಅಂದೋರು ನೀವೇ ಮೊದಲು."

ಶ್ರೀವಿದ್ಯಾ ಅವನ ಪಕ್ಕದಲ್ಲಿ ನಿಂತು ತುಂಡುಗಳನ್ನು ಅತ್ತಿತ್ತ ಸರಿಸಿ, ಉರುಳೆಯ ಅಗಲದೊಳಗೆ ಕೂರಿಸಿದಳು. ಈ ಸಲ ಕಾಗದ ಹೊರಬರುತ್ತಿದ್ದಂತೆಯೇ ಮುನಿರತ್ನಮ್ಮ ಟೇಪು ಹಿಡಿದರು. ಚೌಕ ಒಂದು ಇಂಚು. ಬೆನ್ನು ಹದಿನಾಲ್ಕೂವರೆ. ಇದ್ದಷ್ಟೇ.

ಹೊರಡುವ ಮುನ್ನಾದಿನ ಶ್ರೀವಿದ್ಯಾ ಸ್ಟೂಲಿನ ಮೇಲೆ ಬಹಳ ಹೊತ್ತು ಕುಳಿತಿದ್ದಳು. ಸ್ಟೂಲಿನ ಮೇಲಿನ ಗಂಟು ತೆಗೆದಿತ್ತು. ಎದ್ದು ಹೋಗುವಾಗ, "ಅಕ್ಕ, ಇನ್ನೊಂದು ಸಲ ಅಳತೆ ನೋಡಲಾ?" ಎಂದಳು. ಅಳತೆ ಗೊತ್ತಿದ್ದದ್ದೇ. ಆದರೂ ಮುನಿರತ್ನಮ್ಮ ಬಾಗಿಲು ಓರೆಮಾಡಿದರು. ಈ ಸಲ ಕುತ್ತಿಗೆಯ ಹಿಂದೆ, ಮಚ್ಚೆಯ ಮೇಲೆಯೇ, ತಣ್ಣನೆಯ ಬೆರಳೊಂದು ಒತ್ತಿ ನಿಂತಿತು. ಅವರು ಬೆಚ್ಚಿದರು, ಇಬ್ಬರೂ ನಕ್ಕರು. ಮಾರನೆಯ ಬೆಳಗ್ಗೆ ಅವರ ಸಾಮಾನಿನ ಲಾರಿ ಹೋಯಿತು.

ಹೊಸ ಕಾಗದದ ಮೇಲೆ ಕತ್ತರಿಸಿದ ರವಿಕೆ ಚಿಪ್ಪಿನೊಳಗೆ ಕಾಯಿ ಕೂತಂತೆ ಕೂತಿತು. ತೊಟ್ಟುಕೊಂಡು ಕನ್ನಡಿಯ ಮುಂದೆ ನಿಂತರು. ಬೆನ್ನು ಹೇಗೆ ಕೂತಿದೆ ಎಂದು ನೋಡಿ ಹೇಳಲು ಮನೆಯಲ್ಲಿ ಯಾರೂ ಇರಲಿಲ್ಲ. ಶ್ರೀವಿದ್ಯಾ ಮೊದಮೊದಲು ಪಕ್ಕದ ಅಂಗಡಿಯ ಫೋನಿಗೆ ಕರೆ ಮಾಡುತ್ತಿದ್ದಳು, ಆಮೇಲೆ ಹಬ್ಬಕ್ಕೊಮ್ಮೆ, ಆಮೇಲೆ ಕೂಸಾಯಿತು ಎಂದು ಒಮ್ಮೆ. ಅದು ಸಹಜ. ಅವಳಿಗೂ ಅಲ್ಲಿ ತನ್ನ ಸಂಸಾರವಿದೆ.

"ಒಂದು ಸಲ ಕಾಗದಕ್ಕೆ ಬಂದರೆ ಯಾರನ್ನೂ ಕೇಳಬೇಕಾಗಿಲ್ಲ" ಎಂದು ಅವಳು ಹೇಳಿದ್ದು ನಿಜವೇ ಆಯಿತು. ಕಾಗದ ಇರುವಷ್ಟು ದಿನ ಮುನಿರತ್ನಮ್ಮನಿಗೆ ಇನ್ನೊಬ್ಬರ ಕೈಯ ಅಗತ್ಯವಿಲ್ಲ. ಆ ಕಾಗದವನ್ನು ಅವರು ಗೋಡೆಗೆ ಮೊಳೆ ಹೊಡೆದು ತೂಗುಹಾಕಿದ್ದಾರೆ. ಬಾಗಿಲಿನಿಂದ ಗಾಳಿ ಬಂದಾಗ ಯಾರೋ ಬೆನ್ನು ಮಾಡಿ ನಿಂತು ಉಸಿರಾಡುತ್ತಿರುವಂತೆ ಅದು ಉಬ್ಬಿ ಇಳಿಯುತ್ತದೆ.

ಈಗ ಭಾನುವಾರಗಳಂದು ಆ ಅಂಗಡಿಯ ಮುಂದೆ ಹತ್ತಾರು ಜೋಡಿ ಚಪ್ಪಲಿ ಕಾಣುತ್ತವೆ. ಚಂದ್ರಲೇಖಾ ತನ್ನ ಹಾಸ್ಟೆಲಿನ ಹುಡುಗಿಯರನ್ನೆಲ್ಲ ಕರೆತರುತ್ತಾಳೆ. ಜವಳಗಿರಿಯವರು, ತಳಿ ಊರಿನವರು, ಆಂಧ್ರದ ಗಡಿಯ ಕಡೆಯವರು. ಅಳತೆ ರವಿಕೆ ಯಾರ ಹತ್ತಿರವೂ ಇಲ್ಲ. ಆದ್ದರಿಂದ ಮುನಿರತ್ನಮ್ಮ ಮೊದಲು ಅವರಿಗೆ ಒಬ್ಬರು ಇನ್ನೊಬ್ಬರ ಅಳತೆ ತೆಗೆಯುವುದನ್ನು ಕಲಿಸುತ್ತಾರೆ. ಗೋವಿಂದಮ್ಮನ ಮಿಷನ್ನಿನ ಹೊದಿಕೆ ತೆಗೆದಿದ್ದಾರೆ. ಕಲಿಯುವವರು ಅದರ ಮೇಲೆ ಹೊಲಿಯುತ್ತಾರೆ, ದಾರ ತುಂಡುಮಾಡುತ್ತಾರೆ, ಬೈಸಿಕೊಳ್ಳುತ್ತಾರೆ.

ಕಳೆದ ತಿಂಗಳು ನಮ್ಮ ಮನೆಯಾಕೆ ಒಳಗೆ ಹೋದಾಗ ಪಾಠ ನಡೆದಿತ್ತಂತೆ. ಪಾಠದ ಕೊನೆಗೆ ಮುನಿರತ್ನಮ್ಮ, "ಎಲ್ಲಿ, ಕಲ್ತಿದ್ದು ನಿಜವೋ ಸುಳ್ಳೋ ನೋಡಾನ, ಈಗ ನಂದು ತೆಗೀರಿ," ಎಂದು ಬಾಗಿಲು ಓರೆಮಾಡಿ, ಸೆರಗು ಇಳಿಸಿ, ಗೋಡೆಯ ಕಡೆ ತಿರುಗಿ ನಿಂತರಂತೆ. ಪ್ರತಿ ಭಾನುವಾರ ಹೀಗೇ ಅಂತೆ. ಹೊಸಬಳೊಬ್ಬಳು ಮಚ್ಚೆ ನೋಡಿ ಗಕ್ಕನೆ ನಿಂತಳು. "ಇದೇನಕ್ಕೋ, ನೋಯ್ತದಾ?" ಎಂದಳು.

"ನೋಯಾಕಿಲ್ಲ. ಅದರ ಮೇಲೇ ಹಿಡಿ. ಅಲ್ಲಿಂದಲೇ ಸುರು ಆಗೋದು."

ಒಬ್ಬಳು ಹದಿನಾಲ್ಕು ಎಂದಳು, ಇನ್ನೊಬ್ಬಳು ಹದಿನೈದು ಎಂದಳು, ಮತ್ತೊಬ್ಬಳು ಟೇಪನ್ನೇ ತಲೆಕೆಳಗು ಹಿಡಿದಿದ್ದಳು. ಸರಿಯಾದ ಅಳತೆ ಅವರ ಮೂಗಿನ ಮುಂದೆಯೇ ಗೋಡೆಯ ಮೇಲೆ ತೂಗುತ್ತಿತ್ತು. ಮುನಿರತ್ನಮ್ಮ ಯಾರನ್ನೂ ತಿದ್ದಲಿಲ್ಲ.

"ಇನ್ನೊಂದ್ಸಲ ಹಿಡೀರಿ," ಎಂದರಂತೆ. "ಅವಸರ ಇಲ್ಲ. ಉಸ್ರು ಬಿಟ್ಟಿದೀನಿ, ಈಗ ನೋಡ್ರೇ."